ಮನೆವಾರ್ತೆ: ಎಳೆಯ ನಾಯಿ ಕುಂಟಿದರೆ

ಶಹಾಪುರ ತಾಲೂಕಿನ ದೋರನಹಳ್ಳಿಯಿಂದ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿ ಎಂಟು ತಿಂಗಳಿನ ನಾಯಿಯೊಂದುಂಟು. ವಿಲಾಯತಿ ಜಾತಿಯದು, ಲ್ಯಾಬ್ರಡಾರ್ ಎಂದು ಹೇಳಿ ಕೊಟ್ಟಿದ್ದಾರೆ. ಮೂರು ವಾರಗಳಿಂದ ಅದು ಹಿಂಗಾಲೊಂದನ್ನು ತಡೆತಡೆದು ಇಡುತ್ತಲಿದೆ. ಬೆಳಗಿನಲ್ಲಿ ಏಳುವಾಗ ಎರಡು ಸಲ ಕುಸಿದು ಮೂರನೆಯ ಸಲಕ್ಕೆ ನಿಲ್ಲುತ್ತದೆ. ಓಣಿಯ ಹಿರಿಯರು ಚಪ್ಪೆಗೆ ಬರೆ ಹಾಕಿಸಿರೆನ್ನುತ್ತಾರೆ; ಮತ್ತೆ ಕೆಲವರು, ಕುಂಟನಾಯಿಗೆ ಅನ್ನ ಹಾಕುವದಕ್ಕಿಂತ ರಾತ್ರಿ ಪರ ಊರಿನ ಬಸ್ ನಿಲ್ದಾಣದಲ್ಲಿ ಬಿಟ್ಟುಬಂದರೆ ತೀರಿತೆನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದಂದಿನಿಂದ ಮನೆಯ ಮಕ್ಕಳು ನಾಯಿಯನ್ನು ಬಿಟ್ಟು ಅಗಲುತ್ತಿಲ್ಲವಂತೆ. ಇದು ಟೊಂಕದ ಕೀಲಿನ ರೋಗವೇ, ವಾಸಿಯಾಗುವಂಥದೇ, ನಾಯಿಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಅವರ ಪ್ರಶ್ನೆ.

ಕೊನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬಿಡಕೂಡದು. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ, ಹಸಿವೆ ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ತೊರೆಯುವದು ೧೯೬೦ನೆಯ ಇಸವಿಯ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ಮೇರೆಗೆ ಅಪರಾಧವಾಗಿದೆ. ಕಾಯಿದೆಯ ಮಾತು ಹಾಗಿರಲಿ. ಕುಂಟುವ ನಾಯಿ ಪರ ಊರಿನ ನಾಯಿಗಳ ನಡುವೆ ಎರಡು ದಿನ ಬಾಳಲಾರದೆಂಬುದನ್ನು ಸಲಹೆ ಕೊಟ್ಟವರೂ ಬಲ್ಲರು. ಇನ್ನು ಬರೆಯ ವಿಚಾರ. ಎತ್ತು ಕುಂಟಿದರೆ ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯುವ ವಾಡಿಕೆ ನಮ್ಮ ಕಡೆಯಲ್ಲಿ ಹಳೆಯದು. ಅದನ್ನೇ ನಾಯಿಗೂ ಹಚ್ಚುತ್ತಾರೆ. ಸುಟ್ಟ ಚರ್ಮದ ಉರಿಯಿಂದ ಪ್ರಾಣಿಯು ಅಲುಗದೆ ಬಿದ್ದುಕೊಳ್ಳುವದು. ಬಿದ್ದುಕೊಂಡ ವಿಶ್ರಾಂತಿಯಿಂದ ಕುಂಟು ತುಸು ಇಳಿದರೆ ಕೀರ್ತಿಯೆಲ್ಲ ಬರೆಗೆ ಸಲ್ಲುವದು. ಚರ್ಮವನ್ನು ಸುಟ್ಟರೆ ಒಳಗಿನ ಕೀಲು ಸರಿಹೋಗದು. ವಿಶ್ರಾಂತಿಯೇ ಬೇಕಾಗಿದ್ದರೆ ಹಗ್ಗ ಕಟ್ಟಿ ನೆರಳಿನಲ್ಲಿ ಮಲಗಿಸಬಹುದಲ್ಲ!

ಹಾಗಾದರೆ ಇದು ಟೊಂಕದ ರೋಗವೇ? ಆಗಿರಬಹುದು, ಆದರೆ ಕಾಗದವೊಂದರ ಮೇಲಿಂದ ಹಾಗೆ ತೀರ್ಮಾನಿಸುವದು ತಪ್ಪು. ಎಳೆಯ ನಾಯಿ ಕುಂಟುವದಕ್ಕೆ ಕಾರಣಗಳು ಹಲವು, ಮತ್ತು ಅವುಗಳಲ್ಲಿ ಅತಿ ಸಾಮಾನ್ಯವಾದವು ಪಾದದಲ್ಲಿಯೇ ಇರುತ್ತವೆ. ಶಹಾಪುರ ಸುರಪುರಗಳ ಸೀಮೆಯಲ್ಲಿ ಬಳ್ಳಾರಿ ಜಾಲಿ ಬೆಳೆಯದ ಬದುವೇ ಇಲ್ಲ. ಅದರ ಮುಳ್ಳು ನಾಯಿಯ ಅಂಗಾಲಿನ ಮೆತ್ತೆಯಲ್ಲಿ ಮುರಿದು ಉಳಿದರೆ ಮೇಲೆ ಕಾಣದೆ ಒಳಗೇ ಕೀವಾಗುವದು. ಜೋಳ ಕೊಯ್ದ ಹೊಲದ ಕೂಳೆ ಬೆರಳ ಸಂದುಗಳಿಗೆ ಚುಚ್ಚುವದು. ಬೇಸಗೆಯಲ್ಲಿ ಎರೆನೆಲ ಬಿರುಕು ಬಿಟ್ಟಾಗ ಓಡುವ ನಾಯಿಯ ಕಾಲು ಸಿಕ್ಕಿ ಉಳುಕುವದು. ಮಧ್ಯಾಹ್ನದ ಡಾಂಬರು ರಸ್ತೆಯಲ್ಲಿ ಮೆತ್ತೆಗಳು ಸುಟ್ಟು ಬೊಬ್ಬೆಯೇಳುವವು. ಆದುದರಿಂದ ಮೊದಲು ನಾಯಿಯನ್ನು ಬೆಳಕಿನಲ್ಲಿ ಮಲಗಿಸಿ, ಮನೆಯವರಲ್ಲಿ ಅದು ನೆಚ್ಚಿದವರೊಬ್ಬರು ತಲೆಯನ್ನು ಹಿಡಿದಿರಲು, ಮತ್ತೊಬ್ಬರು ಉಗುರು, ಮೆತ್ತೆ, ಬೆರಳ ಸಂದುಗಳನ್ನು ಒಂದೊಂದಾಗಿ ನೋಡತಕ್ಕದ್ದು. ಕುಂಟದ ಕಾಲಿನಿಂದ ಆರಂಭಿಸಿದರೆ ನಾಯಿ ಬೆದರುವದಿಲ್ಲ, ಎರಡಕ್ಕೂ ಇರುವ ಅಂತರವೂ ಕೈಗೆ ತಿಳಿಯುವದು.

ಪಾದ ನಿರ್ದೋಷವಾಗಿದ್ದರೆ ಮುಂದಿನ ವಿಚಾರ. ಐದನೆಯ ತಿಂಗಳಿನಿಂದ ಒಂದೂವರೆ ವರುಷದವರೆಗಿನ ದೊಡ್ಡ ಜಾತಿಯ ಮರಿಗಳಿಗೆ ಉದ್ದನೆಯ ಎಲುಬುಗಳಲ್ಲಿ ಒಂದು ಬಗೆಯ ನೋವು ಬರುವದುಂಟು. ವೈದ್ಯರು ಇದನ್ನು ಪ್ಯಾನಾಸ್ಟೈಟಿಸ್ ಎನ್ನುತ್ತಾರೆ. ಈ ವಾರ ಮುಂಗಾಲು, ಮುಂದಿನ ತಿಂಗಳು ಹಿಂಗಾಲು, ಹೀಗೆ ಕುಂಟು ಮನೆ ಬದಲಿಸುತ್ತ ಹೋಗುವದು ಇದರ ಗುರುತು. ಬೆಳವಣಿಗೆ ಮುಗಿದ ಮೇಲೆ ತಾನಾಗಿ ನಿಲ್ಲುವದು. ಸಣ್ಣ ಜಾತಿಯ ನಾಯಿಯು ಓಡುತ್ತಿರುವಾಗ ಮೂರು ಹೆಜ್ಜೆ ಕಾಲೆತ್ತಿ ಕುಪ್ಪಳಿಸಿ ಮತ್ತೆ ಏನೂ ಆಗದಂತೆ ಓಡಿದರೆ ಮಂಡಿಯ ಚಿಪ್ಪು ಜಾರುತ್ತಿದೆಯೆಂದು ಸಂಶಯಪಡಬೇಕು. ಉಣ್ಣೆಗಳು ಕಡಿದು ಬರುವ ಜ್ವರದಲ್ಲಿಯೂ ಕೀಲುಗಳು ಬಾತು ನಾಯಿ ಕುಂಟುವದು. ದನಕರುಗಳ ಸಂಗಡ ಬೆಳೆಯುವ ನಾಯಿಗೆ ಉಣ್ಣೆ ತಪ್ಪಿದ್ದಲ್ಲ. ಬರಿಯ ಮಾಂಸದ ಮೇಲೆ, ಇಲ್ಲವೆ ಬರಿಯ ರೊಟ್ಟಿಯ ಮೇಲೆ ಬೆಳೆದ ಮರಿಯ ಎಲುಬುಗಳು ಸುಣ್ಣದಂಶ ಸಾಲದೆ ಮೆತ್ತಗಾಗಿ ಬಾಗುವವು.

ಇನ್ನು ಟೊಂಕ. ತೊಡೆಯೆಲುಬಿನ ತುದಿಯಲ್ಲಿ ಗುಂಡಾದ ತಲೆಯೊಂದುಂಟು. ಅದು ಟೊಂಕದೆಲುಬಿನ ಬಟ್ಟಲಿನಲ್ಲಿ ಕೂತು ತಿರುಗುವದು. ಕೆಲವು ಮರಿಗಳಲ್ಲಿ ಈ ಗುಂಡನ್ನು ಬಟ್ಟಲಿಗೆ ಬಿಗಿಯುವ ಕಟ್ಟುಗಳು ಸಡಿಲಾಗಿರುತ್ತವೆ. ಬಂಡಿಯ ಅಚ್ಚು ಗಾಲಿಯ ಗುಂಬದಲ್ಲಿ ಸಡಿಲಾದರೆ ಏನಾಗುವದೆಂಬುದನ್ನು ಒಕ್ಕಲಿಗರಿಗೆ ಹೇಳಬೇಕಾದುದಿಲ್ಲ: ಗಾಲಿ ಹೊಯ್ದಾಡುವದು, ಹೊಯ್ದಾಡಿ ಸವೆಯುವದು, ಸವೆದು ಮತ್ತಷ್ಟು ಹೊಯ್ದಾಡುವದು. ಟೊಂಕದ ಕೀಲಿನಲ್ಲಿಯೂ ಹೀಗೆಯೇ. ಬಟ್ಟಲು ಆಳವಾಗದೆ ಚಪ್ಪಟೆಯಾಗುತ್ತದೆ, ಗುಂಡು ತನ್ನ ದುಂಡು ಕಳೆದುಕೊಳ್ಳುತ್ತದೆ, ಕ್ರಮೇಣ ಕೀಲುವಾಯು ನೆಲೆಯೂರುತ್ತದೆ. ಹಿಪ್ ಡಿಸ್ಪ್ಲೇಸಿಯಾ ಎಂದು ಹೆಸರಿಸುವ ಈ ವಿಕಾರವನ್ನು ನಾಯಿಗಳಲ್ಲಿ ಮೊದಲು ವಿವರಿಸಿದವನು ಶ್ನೆಲ್ ಎಂಬ ಅಮೇರಿಕೆಯ ಪಶುವೈದ್ಯನು. ಅದು ೧೯೩೫ರ ಸುಮಾರಿನ ಮಾತು. ಹುಟ್ಟಿದಾಗ ಮರಿಯ ಟೊಂಕ ನೆಟ್ಟಗೇ ಇರುತ್ತದೆ. ದೋಷವು ಮೊದಲ ಕೆಲವು ವಾರ ತಿಂಗಳುಗಳಲ್ಲಿ ಬೆಳೆಯುವದು. ಇದು ವಂಶದಲ್ಲಿ ಇಳಿದುಬರುವದಾದರೂ, ಎಷ್ಟು ಬಲಿಯುವದೆಂಬುದು ಮರಿಯನ್ನು ಸಾಕುವವರ ಕೈಯಲ್ಲಿಯೂ ಸ್ವಲ್ಪಮಟ್ಟಿಗೆ ಇದೆ.

ಇದರ ಗುರುತುಗಳನ್ನು ಮನೆಯವರೇ ಕಾಣಬಹುದು. ಓಡುವಾಗ ಹಿಂಗಾಲುಗಳೆರಡನ್ನೂ ಕೂಡಿಸಿ ಮೊಲದಂತೆ ಜಿಗಿಯುವದು; ನಡೆಯುವಾಗ ಹಿಂಭಾಗ ಅತ್ತಿತ್ತ ಬಳುಕುವದು; ಮೆಟ್ಟಿಲು ಏರಲು ಹಿಂಜರಿಯುವದು; ಆಟದ ನಡುವೆ ಬೇಗನೆ ಕೂತುಬಿಡುವದು; ಮಲಗಿ ಎದ್ದಾಗ, ವಿಶೇಷವಾಗಿ ಚಳಿಯ ಬೆಳಗಿನಲ್ಲಿ, ಬಿಗಿದುಕೊಂಡಿದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುವದು. ಬಹುದಿನ ಹೀಗಾದರೆ ತೊಡೆಗಳು ಬಡವಾಗಿ, ಭಾರವನ್ನೆಲ್ಲ ಹೊರುವ ಹೆಗಲುಗಳು ದಪ್ಪವಾಗುವವು. ದೋರನಹಳ್ಳಿಯ ನಾಯಿಯ ಬೆಳಗಿನ ಕುಸಿತವು ಈ ಕಡೆಗೇ ಬೆರಳು ತೋರಿಸುತ್ತದೆ. ಆದರೆ ನಿಶ್ಚಯವು ಕ್ಷ-ಕಿರಣದ ಚಿತ್ರದಿಂದಲೇ ಆಗತಕ್ಕದ್ದು. ಅದನ್ನೂ ನಾಯಿಗೆ ಮಂಪರು ಕೊಟ್ಟು, ಕಾಲುಗಳನ್ನು ನೇರವಾಗಿ ಚಾಚಿ ತೆಗೆದರೇ ಪ್ರಯೋಜನ. ತಾಲೂಕಿನ ಪಶು ಆಸ್ಪತ್ರೆಯ ವೈದ್ಯರಿಗೆ ಮೊದಲು ತೋರಿಸಿ, ಅವರ ಚೀಟಿಯೊಂದಿಗೆ ಬೀದರದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಯ್ಯುವದು ಯೋಗ್ಯ. ದಾರಿ ದೂರವೆಂಬುದು ನಿಜ. ಆದರೆ ಒಮ್ಮೆ ಹೋಗಿಬಂದರೆ ವರುಷಗಟ್ಟಲೆಯ ಸಂಶಯ ಹರಿಯುವದು.

ಮಂಪರಿನಲ್ಲಿರುವ ನಾಯಿಯ ಮಂಡಿಯನ್ನು ಒತ್ತಿ ಪಕ್ಕಕ್ಕೆ ಸರಿಸಿ, ಗುಂಡು ಬಟ್ಟಲಿನೊಳಗೆ ಟಕ್ಕನೆ ಜಾರಿಬೀಳುವದನ್ನು ವೈದ್ಯರು ಕೈಯಿಂದ ಅರಿಯುತ್ತಾರೆ. ಈ ಪರೀಕ್ಷೆಗೆ ಓರ್ಟೊಲಾನಿ ಎಂಬ ಇಟಲಿಯ ಮಕ್ಕಳ ವೈದ್ಯನ ಹೆಸರಿದೆ. ಅವನು ಅದನ್ನು ೧೯೩೭ರಲ್ಲಿ ವಿವರಿಸಿದ್ದು ಹಸುಗೂಸುಗಳ ಸಲುವಾಗಿ. ಮನುಷ್ಯರ ಕೂಸುಗಳಿಗೂ ಟೊಂಕ ಸಡಿಲವಿರುವದುಂಟಷ್ಟೆ. ಕಾಲುಗಳನ್ನು ಜೋಡಿಸಿ ಬಿಗಿದು ಸುತ್ತುವದರಿಂದ ಅದು ಹೆಚ್ಚುವದೆಂದೂ, ನಮ್ಮ ತಾಯಂದಿರು ಮಾಡುವಂತೆ ಕೂಸಿನ ಕಾಲುಗಳನ್ನು ಅಗಲಿಸಿ ಕಂಕುಳಲ್ಲಿ ಎತ್ತಿಕೊಳ್ಳುವದು ಹಿತವೆಂದೂ ವೈದ್ಯರು ಹೇಳುತ್ತಾರೆ. ಮಾತು ನಾಯಿಯಿಂದ ಕೂಸಿಗೆ ಹೋಯಿತು, ಗೃಹಿಣಿಯರು ಕ್ಷಮಿಸಬೇಕು.

ರೋಗವು ಹೌದೆಂದಾದರೆ ಗಾಬರಿಗೆ ಕಾರಣವಿಲ್ಲ. ಇಂಥ ನಾಯಿಗಳಲ್ಲಿ ಬಹಳಷ್ಟು ಮನೆಯ ನಾಯಿಯಾಗಿ ಸುಖವಾಗಿ ಬಾಳುತ್ತವೆ. ನಾಲ್ಕರಿಂದ ಹನ್ನೆರಡು ತಿಂಗಳೊಳಗೆ ನೋವು ಕಾಣಿಸಿ, ಬೆಳವಣಿಗೆ ಮುಗಿಯುತ್ತ ಬಂದಂತೆ ಕೀಲಿನ ಸುತ್ತಲಿನ ಕಟ್ಟು ಗಟ್ಟಿಯಾಗಿ ಕುಂಟು ತಾನೇ ಕಡಿಮೆಯಾಗುವದುಂಟು. ಆಗ ರೋಗ ಹೋಯಿತೆಂದು ಹಿಗ್ಗಬಾರದು. ಸವೆತವು ಒಳಗೆ ನಡೆದೇ ಇರುತ್ತದೆ, ವಯಸ್ಸಾದ ಮೇಲೆ ಮತ್ತೆ ತಲೆಯೆತ್ತುವದು.

ಎಲ್ಲಕ್ಕಿಂತ ದೊಡ್ಡ ಔಷಧವು ಮಿತವಾದ ಉಣಿಸು. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ನಮ್ಮ ಮನೆಗಳಲ್ಲಿ ಮರಿ ದುಂಡಗಿದ್ದರೆ ಯಜಮಾನನಿಗೆ ಮಾನವೆಂಬ ಭಾವನೆಯಿದೆ. ಅಮೇರಿಕೆಯಲ್ಲಿ ೪೮ ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಮತ್ತೊಂದಕ್ಕಿಂತ ಕಾಲುಭಾಗ ಕಡಿಮೆ ಉಣಿಸುತ್ತ ಜೀವಮಾನವಿಡೀ ನೋಡಿದರು. ೨೦೦೨ರಲ್ಲಿ ಪ್ರಕಟವಾದ ಫಲವಿದು: ಕಡಿಮೆ ಉಂಡವುಗಳ ಮಧ್ಯಮ ಆಯುಸ್ಸು ೧೩ ವರುಷ, ಹೆಚ್ಚು ಉಂಡವುಗಳದು ೧೧.೨ ವರುಷ, ಕಡಿಮೆ ಉಂಡವುಗಳಲ್ಲಿ ಟೊಂಕದ ಕೀಲುವಾಯುವೂ ಕಡಿಮೆ, ತಡವಾಗಿಯೇ ಬಂದಿತು. ಮರಿಯ ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬುಗಳು ಬೆರಳಿಗೆ ಸುಲಭವಾಗಿ ಎಣಿಕೆಗೆ ಸಿಕ್ಕಬೇಕು; ಮೇಲಿಂದ ನೋಡಿದರೆ ನಡು ಸಣ್ಣಗಾಗಿರಬೇಕು. ಜೋಳದ ರೊಟ್ಟಿ ಹಾಲಿನಲ್ಲಿ ನೆನೆದದ್ದು ಒಳ್ಳೆಯದೇ, ಆದರೆ ಅದೊಂದೇ ಸಾಲದು. ಬೇಯಿಸಿದ ತತ್ತಿಯೋ ಮಾಂಸವೋ ಜತೆಗಿರಬೇಕು, ಒಟ್ಟಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ಗೊತ್ತುಮಾಡಬೇಕು. ಸುಣ್ಣದಂಶದ ಪುಡಿಗಳನ್ನು ತಂದು ಮನಸ್ಸಿಗೆ ಬಂದಷ್ಟು ಹಾಕುವವರಿದ್ದಾರೆ. ದೊಡ್ಡ ಜಾತಿಯ ಎಳೆಯ ಮರಿಗೆ ಹೆಚ್ಚಾದ ಸುಣ್ಣವನ್ನು ಹೊರಗಿಡುವ ಶಕ್ತಿ ಇರುವದಿಲ್ಲವಾದ್ದರಿಂದ ಎಲುಬು ಕೆಡುವದೇ ಹೊರತು ಗಟ್ಟಿಯಾಗದು.

ಎರಡನೆಯದು ನೆಲ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ ಕಲ್ಲಿನ ಹಾಸು. ಕಾಲಿಗೆ ತಂಪು, ಕಣ್ಣಿಗೆ ಹಿತ, ಸಡಿಲ ಟೊಂಕದ ನಾಯಿಗೆ ಮಾತ್ರ ವೈರಿ. ನುಣುಪಿನ ಮೇಲೆ ಹಿಂಗಾಲುಗಳು ಹೊರಕ್ಕೆ ಜಾರಿದಾಗಲೆಲ್ಲ ಕೀಲಿಗೆ ಹೊಸ ಪೆಟ್ಟು. ನಾಯಿ ಮಲಗಿ ಏಳುವ ಜಾಗದಲ್ಲಿ ಗೋಣಿಚೀಲವನ್ನೋ ಹಳೆಯ ಕೌದಿಯನ್ನೋ ಹಾಸಿ, ಅಂಚು ಸರಿಯದಂತೆ ಕಲ್ಲು ಹೇರಿರಿ. ಖರ್ಚು ಏನೂ ಇಲ್ಲ. ನಾರ್ವೆ ದೇಶದಲ್ಲಿ ನಡೆದು ೨೦೧೨ರಲ್ಲಿ ಬೆಳಕಿಗೆ ಬಂದ ಶೋಧದಲ್ಲಿ, ಮೊದಲ ಮೂರು ತಿಂಗಳು ನಿತ್ಯ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಈ ರೋಗ ಹೆಚ್ಚೆಂದೂ, ಮೆತ್ತನೆಯ ಬಯಲಿನಲ್ಲಿ ಸ್ವೇಚ್ಛೆಯಾಗಿ ಆಡಿದವಕ್ಕೆ ಕಡಿಮೆಯೆಂದೂ ಕಂಡುಬಂದಿತು. ಆದುದರಿಂದ ಎಳೆಯ ಮರಿಯನ್ನು ಮಾಳಿಗೆ ಹತ್ತಿಸಬೇಡಿರಿ. ಹೊಲದ ಮಣ್ಣಿನಲ್ಲಿ ಆಡಗೊಡಿರಿ. ಕುಂಟು ಬಂದ ಮೇಲೆ ಚೆಂಡು ಎಸೆದು ಓಡಿಸುವದು, ಮೋಟಾರು ಸೈಕಲಿನ ಹಿಂದೆ ಓಡಿಸುವದು ಎರಡೂ ವರ್ಜ್ಯ. ಹಗ್ಗ ಹಿಡಿದು ದಿನಕ್ಕೆ ಎರಡು ಮೂರು ಸಲ ಸ್ವಲ್ಪ ದೂರ ನಡೆಯಿಸಿದರೆ ತೊಡೆಯ ಸ್ನಾಯು ಬಲಿಯುವದು. ಈಜು ಉತ್ತಮ ವ್ಯಾಯಾಮ. ಆದರೆ ಕಾಲುವೆಯ ಹರಿವಿನಲ್ಲಿ ಇಳಿಸಬಾರದು, ದಡ ಸಿಕ್ಕದೆ ಕೊಚ್ಚಿಹೋಗುವ ಭಯವಿದೆ.

ನೋವಿಗಾಗಿ ಮನೆಯಲ್ಲಿರುವ ಮಾತ್ರೆಗಳನ್ನು ಕೊಡುವದು ಅಪಾಯ. ನಮಗೆ ಒಗ್ಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುವವು; ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಕಾರ್ಪ್ರೊಫೆನ್, ಮೆಲೊಕ್ಸಿಕಾಮ್ ಮುಂತಾದವನ್ನು ವೈದ್ಯರೇ ತೂಕ ನೋಡಿ ಬರೆದುಕೊಡಬೇಕು. ನಾಯಿ ಕಾಲನ್ನು ನೆಲಕ್ಕೆ ಊರದೇ ಹೋದರೆ, ಗಾಡಿ ತಾಕಿದ ಮೇಲೆ ಕುಂಟಿದರೆ, ಬೆರಳುಗಳನ್ನು ನೆಲಕ್ಕೆ ಎಳೆಯುತ್ತ ನಡೆದರೆ, ಅಥವಾ ಜ್ವರವಿದ್ದು ಉಣ್ಣದಿದ್ದರೆ ಒಂದು ದಿನವೂ ತಡೆಯಬಾರದು. ಕಳಚಿದ ಕೀಲನ್ನು ಕೆಲವು ದಿನಗಳೊಳಗೇ ಕೂರಿಸಬೇಕು.

ಶಸ್ತ್ರಚಿಕಿತ್ಸೆಗಳೂ ಇವೆ. ಐದು ತಿಂಗಳು ತುಂಬುವದರೊಳಗೆ ದೋಷ ತಿಳಿದರೆ ಕೆಳಟೊಂಕದ ಬೆಳವಣಿಗೆಯನ್ನು ತಡೆದು ಬಟ್ಟಲು ಗುಂಡಿನ ಮೇಲೆ ಬಾಗುವಂತೆ ಮಾಡುವದೊಂದು ಕ್ರಮ. ದೋರನಹಳ್ಳಿಯ ನಾಯಿಗೆ ಆ ಕಾಲ ಮೀರಿದೆ. ನೋವು ತಾಳಲಾರದ್ದಾದರೆ ಗುಂಡನ್ನೇ ಕತ್ತರಿಸಿ ತೆಗೆದುಬಿಡುತ್ತಾರೆ. ಸ್ನಾಯುಗಳೇ ಕೀಲಿನ ಕೆಲಸ ನಡೆಸುತ್ತವೆ, ಹಗುರ ನಾಯಿಗಳಿಗೆ ಇದು ಚೆನ್ನಾಗಿ ಒಗ್ಗುವದು. ಕೃತಕ ಕೀಲು ಕೂಡಿಸುವದೂ ಉಂಟು; ಅದರ ವೆಚ್ಚ ಸಾಮಾನ್ಯ ಗೃಹಸ್ಥರ ಅಳವಿನದಲ್ಲ.

ಇನ್ನು ಮರಿ ಕೊಳ್ಳಲಿರುವವರಿಗೆ ಒಂದು ಮಾತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮೊದಲಾದ ಭಾರದ ಜಾತಿಗಳಲ್ಲಿ ಈ ರೋಗ ಹೆಚ್ಚು. ಅಮೇರಿಕೆಯಲ್ಲಿ ೧೯೬೬ರಿಂದ ಒಂದು ಸಂಸ್ಥೆಯು ಎರಡು ವರುಷ ತುಂಬಿದ ನಾಯಿಗಳ ಟೊಂಕದ ಚಿತ್ರ ನೋಡಿ ದರ್ಜೆ ಬರೆದುಕೊಡುತ್ತಿದೆ. ನಮ್ಮಲ್ಲಿ ಮರಿ ಮಾರುವವರನ್ನು ತಾಯಿತಂದೆಗಳ ಟೊಂಕದ ಚಿತ್ರವಿದೆಯೇ ಎಂದು ಕೇಳಿದರೆ ನಕ್ಕಾರು. ಕೇಳುವವರು ಹೆಚ್ಚಿದರೆ ನಗು ನಿಂತೀತು. ಗ್ರೇಹೌಂಡಿನಂಥ ಓಟದ ನಾಯಿಗಳಲ್ಲಿ ಈ ರೋಗ ತೀರ ವಿರಳ. ನಮ್ಮ ನಾಡಿನ ಮುಧೋಳ ನಾಯಿಯೂ ಆ ಮೈಕಟ್ಟಿನದೇ: ಹಗುರವಾದ ಒಡಲು, ಉದ್ದನೆಯ ಕಾಲು. ಬೇಟೆಗೆ ಓಡಲಾರದ ನಾಯಿಯಿಂದ ತಳಿ ತೆಗೆಯದ ಜನರ ಕೈಯಲ್ಲಿ ಅದು ಬೆಳೆಯಿತು. ಬಾಗಲಕೋಟ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರದ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವು ಅದರ ತಳಿಯನ್ನು ಕಾಯುತ್ತಿದೆ. ೨೦೦೫ರಲ್ಲಿ ಅಂಚೆಯ ಇಲಾಖೆಯು ಅದರ ಚಿತ್ರವಿರುವ ಚೀಟಿಯನ್ನು ಹೊರಡಿಸಿತು. ಬೇಡ ನಾಯಕರ ಸುರಪುರ ಸೀಮೆಯ ಬಿಸಿಲಿಗೂ ಬಯಲಿಗೂ ದಪ್ಪ ತುಪ್ಪಟದ ನಾಯಿಗಿಂತ ಅದು ಒಪ್ಪುವದೆಂದು ನಮ್ಮ ಅಭಿಪ್ರಾಯ. ಬಂದ ನಾಯಿ ಬಂದಿದೆ, ಅದನ್ನು ಸಾಕತಕ್ಕದ್ದು. ಆದರೆ ರೋಗ ನಿಶ್ಚಯವಾದ ನಾಯಿಯಿಂದ, ಅದೆಷ್ಟು ಚೆಲುವಾಗಿದ್ದರೂ, ಮರಿ ಮಾಡಿಸಬಾರದು.

ಕಾಗದ ಬರೆದ ಗೃಹಸ್ಥರು ಬೀದರಕ್ಕೆ ಹೊರಡುವ ಮುನ್ನ ಒಂದು ಕೆಲಸ ಮಾಡಲಿ. ಧಾನ್ಯದ ಅಂಗಡಿಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆ ಮೇಲೆ ತಾವೊಬ್ಬರೇ ನಿಂತು, ಎರಡರ ಅಂತರವನ್ನು ಬರೆದಿಡಲಿ. ಯಾವ ದಿನ ಎಷ್ಟು ಕುಂಟಿತು, ಎಷ್ಟು ಹೊತ್ತಿಗೆ ಸಡಿಲವಾಯಿತು, ಏನು ಉಂಡಿತು ಎಂಬುದನ್ನು ಮಕ್ಕಳ ಕೈಯಿಂದ ಹಾಳೆಯಲ್ಲಿ ಬರೆಯಿಸಿ ಆ ಹಾಳೆಯನ್ನೂ ವೈದ್ಯರಿಗೆ ಕೊಡಲಿ.