ಪಾಸ್‌ಪೋರ್ಟಿನ ಸೀಲು ಎಣಿಸಿ, ಖಾತೆ ಬಚ್ಚಿಡಬೇಡಿ

ದುಬೈ, ಶಾರ್ಜಾ, ಅಜ್ಮಾನ್, ಅಬುಧಾಬಿಗಳಲ್ಲಿ ಸ್ವಂತ ವ್ಯಾಪಾರ ನಡೆಸುತ್ತಿರುವ ಕರಾವಳಿಯ ಬಂಧುಗಳೇ,

ಈ ಹಾಳೆ ನಿಮ್ಮ ಕೈಗೆ ಬಜಪೆ ವಿಮಾನ ನಿಲ್ದಾಣದ ಹೊರಗೆ ಸಿಕ್ಕಿರಬಹುದು, ಯಾರದೋ ಮದುವೆ ಊಟದ ಸಾಲಿನಲ್ಲಿ ಸಿಕ್ಕಿರಬಹುದು. ಮಡಚಿ ಜೇಬಿಗೆ ಹಾಕುವ ಮೊದಲು ಒಂದು ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿ. ಹೋದ ಏಪ್ರಿಲ್ 1ರಿಂದ ಈ ಮಾರ್ಚ್ 31ರವರೆಗೆ ನೀವು ಊರಿನಲ್ಲಿ ಎಷ್ಟು ದಿನ ಇದ್ದಿರಿ?

"ಸುಮಾರು ಮೂರು ನಾಲ್ಕು ತಿಂಗಳು" ಎಂಬ ಉತ್ತರ ಬಂದಿದ್ದರೆ ಈ ಹಾಳೆ ಅಚ್ಚಾಗಿದ್ದು ನಿಮಗಾಗಿಯೇ. ಆ "ಸುಮಾರು" ಎಂಬ ಮಾತಿನಲ್ಲಿ ಲಕ್ಷಗಟ್ಟಲೆ ರೂಪಾಯಿ ಕುಳಿತಿದೆ.

ನಾನು ಆಡಿಟರ್ ಅಲ್ಲ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ 26 ವರ್ಷ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿ 2016ರಲ್ಲಿ ಉಡುಪಿಗೆ ಮರಳಿದವನು. ಹೇಳಬೇಕಾದ್ದು ಒಂದೇ. ಹೊರದೇಶದಲ್ಲಿ ಖಾತೆ ಇರುವುದು ತಪ್ಪಲ್ಲ. ತೆರಿಗೆ ಕಡಿಮೆ ಇರುವ ದೇಶದಲ್ಲಿ ದುಡಿಯುವುದೂ ತಪ್ಪಲ್ಲ. ನೀವು ಯಾವ ದೇಶದ ತೆರಿಗೆ ನಿವಾಸಿ ಎಂದು ಕೇಳಿದರೆ ತೋರಿಸಲು ಒಂದು ಕಾಗದವೂ ಇಲ್ಲದೆ, ಅಲ್ಲಿಯವರೂ ಅಲ್ಲ ಇಲ್ಲಿಯವರೂ ಅಲ್ಲ ಎಂಬಂತೆ ವರ್ಷ ದೂಡುತ್ತೀರಲ್ಲ, ನಾಳೆ ನಿಮ್ಮನ್ನು ಕಟ್ಟಿಹಾಕುವುದು ಅದು.

ಇಂಥ ತ್ರಿಶಂಕು ಸ್ಥಿತಿಯನ್ನೇ ಹೋಟೆಲ್ ಹಾಲುಗಳಲ್ಲಿ ಬಿರಿಯಾನಿ ಊಟ ಹಾಕಿಸಿ ಮಾರುವವರಿದ್ದಾರೆ. "ಸೊನ್ನೆ ತೆರಿಗೆಯ ಬದುಕು" ಎನ್ನುತ್ತಾರೆ. ಗೋಲ್ಡನ್ ವೀಸಾ, ಒಂದು ಫ್ರೀ ಝೋನ್ ಲೈಸೆನ್ಸ್, ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಹೆಸರಿಗೊಂದು ಕಂಪನಿ, ಮೂರನೆಯ ದೇಶದಲ್ಲಿ ಬ್ಯಾಂಕ್ ಖಾತೆ, ಎಲ್ಲ ಸೇರಿಸಿ ಒಂದು ಪ್ಯಾಕೇಜು. ನನಗೂ ಒಬ್ಬ ತೋರಿಸಿದ್ದ. ಆ ಪ್ಯಾಕೇಜಿನಲ್ಲಿ ಎಲ್ಲವೂ ಇತ್ತು, ಭಾರತದ ಕಾನೂನು ಏನು ಹೇಳುತ್ತದೆ ಎಂಬುದೊಂದನ್ನು ಬಿಟ್ಟು.

ಅದು ಹೇಳುವುದು ಇಷ್ಟು. ಆರ್ಥಿಕ ವರ್ಷವೊಂದರಲ್ಲಿ 182 ದಿನ ಇಲ್ಲಿದ್ದರೆ ನೀವು ನಿವಾಸಿ. ಇದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಎಲ್ಲರೂ 182ನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಾರೆ. 2020ರ ಬಜೆಟ್ಟಿನಲ್ಲಿ ಬಂದ ಬದಲಾವಣೆ ನಮ್ಮವರ ಕಿವಿಗೆ ಸರಿಯಾಗಿ ಬಿದ್ದಿಲ್ಲ. ಭಾರತದೊಳಗಿನ ನಿಮ್ಮ ಆದಾಯ ಆ ವರ್ಷ 15 ಲಕ್ಷ ದಾಟಿ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ನೀವು ಇಲ್ಲಿ ಕಳೆದಿದ್ದರೆ, ಗಡಿ 182 ಅಲ್ಲ, 120.

ನನಗೆಲ್ಲಿಯ 15 ಲಕ್ಷ ಎನ್ನಬೇಡಿ. ಮಂಗಳೂರಿನ ಎರಡು ಫ್ಲ್ಯಾಟಿನ ಬಾಡಿಗೆ, ಷೇರಿನ ಲಾಭ, ಎನ್.ಆರ್.ಒ. ಎಂಬ ಅನಿವಾಸಿ ಖಾತೆಯ ಬಡ್ಡಿ, ಎಲ್ಲ ಇದರಲ್ಲಿ ಸೇರುತ್ತದೆ. ಹತ್ತು ವರ್ಷ ಐದಾರು ಲಕ್ಷದಲ್ಲೇ ಇದ್ದವರು ಮಣಿಪಾಲದ ಒಂದು ಸೈಟು ಮಾರಿದ ವರ್ಷ ಒಂದೇ ಏಟಿಗೆ ಗಡಿ ದಾಟುತ್ತಾರೆ. ಅದೇ ವರ್ಷ ಮಗಳ ಮದುವೆಗೆಂದು ನಾಲ್ಕೂವರೆ ತಿಂಗಳು ಊರಲ್ಲಿರುತ್ತಾರೆ. ಸೈಟು ಮಾರುವುದು ಮದುವೆಗಾಗಿಯೇ ಅಲ್ಲವೇ? ಎರಡೂ ಒಟ್ಟಿಗೇ ಬರುತ್ತವೆ.

ಬಂದ ದಿನವನ್ನೂ ಹೋದ ದಿನವನ್ನೂ ಸೇರಿಸಿಯೇ ಎಣಿಸಿ. ರಾತ್ರಿ ಹನ್ನೊಂದೂವರೆಗೆ ವಿಮಾನ ಇಳಿದರೂ ಒಂದು ದಿನ ಎಂದು ಹಿಡಿದರೆ ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ. ಬೇಸಿಗೆ ರಜೆ, ಅಷ್ಟಮಿ, ಊರಿನ ನೇಮ, ಅಮ್ಮನ ಆಸ್ಪತ್ರೆ ಎಂದು ನಾಲ್ಕು ಸಲ ಬಂದುಹೋದವರಿಗೆ ಈ ಎಂಟು ದಿನಗಳ ಲೆಕ್ಕ ಸಣ್ಣದಲ್ಲ.

2020ರಲ್ಲೇ ಇನ್ನೊಂದು ನಿಯಮ ಬಂತು. ಭಾರತದ ಪ್ರಜೆ, ಇಲ್ಲಿನ ಆದಾಯ 15 ಲಕ್ಷಕ್ಕಿಂತ ಹೆಚ್ಚು, ಬೇರೆ ಯಾವ ದೇಶದಲ್ಲೂ ನಿವಾಸದ ಕಾರಣಕ್ಕೆ ತೆರಿಗೆಗೆ ಒಳಪಡುವುದಿಲ್ಲ ಎಂದಾದರೆ, ಒಂದು ದಿನವೂ ಇಲ್ಲಿಗೆ ಕಾಲಿಡದಿದ್ದರೂ ಅವನನ್ನು ನಿವಾಸಿ ಎಂದೇ ಪರಿಗಣಿಸಲಾಗುತ್ತದೆ. ಆಗ ಗಲ್ಫಿನಾದ್ಯಂತ ಗಾಬರಿ ಎದ್ದಿತ್ತು. ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಹಣಕಾಸು ಸಚಿವಾಲಯ ಮರುದಿನವೇ ಸ್ಪಷ್ಟನೆ ಕೊಟ್ಟಿತು. ಮಾತು ನಿಜ. ಹೀಗೆ ನಿವಾಸಿಯಾದವರು "ಸಾಮಾನ್ಯ ನಿವಾಸಿಯಲ್ಲದ ನಿವಾಸಿ" ಎಂಬ ನಡುವಿನ ವರ್ಗಕ್ಕೆ ಸೇರುತ್ತಾರೆ (ಈ ಹೆಸರನ್ನು ಇಟ್ಟವರಿಗೆ ಕೈಮುಗಿಯಬೇಕು), ಮತ್ತು ಆ ವರ್ಗದವರ ವಿದೇಶಿ ಗಳಿಕೆಗೆ ಇಲ್ಲಿ ತೆರಿಗೆಯಿಲ್ಲ.

ಸಂಬಳದವರು ನೆಮ್ಮದಿಯಿಂದ ನಿದ್ದೆ ಮಾಡಲಿ. ವ್ಯಾಪಾರಿಗಳೇ, ನೀವು ಸ್ವಲ್ಪ ಎಚ್ಚರವಾಗಿರಿ. ಆ ವಿನಾಯಿತಿಗೆ ಒಂದು ಬಾಲವಿದೆ. ಭಾರತದಿಂದ ನಿಯಂತ್ರಿಸುವ ವ್ಯಾಪಾರದ ಲಾಭಕ್ಕೆ ವಿನಾಯಿತಿ ಇಲ್ಲ. ದುಬೈಯ ದೇರಾದಲ್ಲಿ ಅಂಗಡಿ, ಗಲ್ಲಾದಲ್ಲಿ ಭಾವಮೈದ. ನೀವು ಕುಂದಾಪುರದ ಜಗಲಿಯಲ್ಲಿ ಕುಳಿತು ಯಾರಿಗೆ ಎಷ್ಟು ಉದ್ರಿ ಕೊಡಬೇಕು, ಯಾವ ಕಂಟೈನರ್ ಬಿಡಿಸಬೇಕು, ಯಾವ ಚೆಕ್ ತಡೆಯಬೇಕು ಎಂದು ಐದು ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಹುಕುಂ ಕೊಡುತ್ತೀರಿ. ಆ ವ್ಯಾಪಾರ ನಡೆಯುವುದು ದೇರಾದಲ್ಲೋ ಕುಂದಾಪುರದಲ್ಲೋ? ಅಧಿಕಾರಿ ಕೇಳುವುದು ಅದನ್ನೇ, ಮತ್ತು ನಿಮ್ಮ ಫೋನೇ ಸಾಕ್ಷಿ.

ಕಂಪನಿ ಮಾಡಿಕೊಂಡವರಿಗೂ ಇದೇ ಬಗೆಯ ಪರೀಕ್ಷೆಯಿದೆ. ವಿದೇಶಿ ಕಂಪನಿಯ ಮುಖ್ಯ ತೀರ್ಮಾನಗಳು ವಾಸ್ತವವಾಗಿ ಭಾರತದಲ್ಲಿ ಆಗುತ್ತಿದ್ದರೆ ಆ ಕಂಪನಿಯೇ ಭಾರತದ ನಿವಾಸಿ. ವರ್ಷದ ವಹಿವಾಟು 50 ಕೋಟಿ ರೂಪಾಯಿಯೊಳಗಿನ ಕಂಪನಿಗಳಿಗೆ ಇದನ್ನು ಅನ್ವಯಿಸುವುದಿಲ್ಲ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ನಮ್ಮಲ್ಲಿ ಹೆಚ್ಚಿನವರು ಅದರಲ್ಲಿ ಬಚಾವು. ಆದರೆ ಬೆಳೆಯುತ್ತಿರುವವರು ಈಗಲೇ ರೂಢಿ ಮಾಡಿಕೊಳ್ಳಲಿ. ದೊಡ್ಡ ತೀರ್ಮಾನಗಳನ್ನು ಅಲ್ಲಿದ್ದಾಗಲೇ ಮಾಡಿ, ಅಲ್ಲಿಯೇ ಬರೆದು ಸಹಿ ಹಾಕಿಡಿ.

"ದುಬೈಯಲ್ಲಿ ಟ್ಯಾಕ್ಸ್ ಇಲ್ಲ" ಎಂಬುದೂ ಈಗ ಹಳೆಯ ಮಾತು. 2018ರ ಜನವರಿಯಿಂದ 5% ವ್ಯಾಟ್ ಇದೆ. 2023ರ ಜೂನ್ 1ರಿಂದೀಚೆಗೆ ಶುರುವಾದ ಲೆಕ್ಕದ ವರ್ಷಗಳಿಗೆ, 3,75,000 ದಿರ್ಹಮ್ ಮೀರಿದ ಲಾಭದ ಮೇಲೆ 9% ಕಾರ್ಪೊರೇಟ್ ತೆರಿಗೆ ಇದೆ. ಸ್ವಂತ ಹೆಸರಿನಲ್ಲೇ ವ್ಯಾಪಾರ ಮಾಡುವವರ ವಹಿವಾಟು ವರ್ಷಕ್ಕೆ 10 ಲಕ್ಷ ದಿರ್ಹಮ್ ದಾಟಿದರೆ ಅವರೂ ಅದಕ್ಕೆ ಒಳಪಡುತ್ತಾರೆ. ನನ್ನನ್ನು ಕೇಳಿದರೆ ಇದು ಒಳ್ಳೆಯದೇ ಆಯಿತು. ಅಲ್ಲಿ ನೋಂದಣಿ ಮಾಡಿಸಿ, ಲೆಕ್ಕ ಒಪ್ಪಿಸಿ, ತೆರಿಗೆ ಕಟ್ಟಿದವನ ಕೈಯಲ್ಲಿ "ನಾನು ಇಲ್ಲಿಯವನು" ಎನ್ನಲು ಒಂದು ಆಧಾರವಿರುತ್ತದೆ.

ಆ ಆಧಾರಕ್ಕೆ ಸರಿಯಾದ ಹೆಸರು ತೆರಿಗೆ ನಿವಾಸ ಪ್ರಮಾಣಪತ್ರ. ಗೋಲ್ಡನ್ ವೀಸಾ ಅದಲ್ಲ, ಎಮಿರೇಟ್ಸ್ ಐಡಿ ಅದಲ್ಲ. "90 ದಿನ ಇದ್ದರೆ ಸಾಕು ಸಾರ್" ಎಂದು ಪ್ಯಾಕೇಜಿನವರು ಹೇಳುವುದು ಅರ್ಧ ಸತ್ಯ. 2023ರ ಮಾರ್ಚ್‌ನಿಂದ ಜಾರಿಯಲ್ಲಿರುವ ಅಲ್ಲಿನ ನಿಯಮದ ಪ್ರಕಾರ, ರೆಸಿಡೆನ್ಸ್ ಪರ್ಮಿಟ್ ಇದ್ದು ಮನೆಯೋ ವ್ಯಾಪಾರವೋ ಅಲ್ಲಿದ್ದವರಿಗೆ 90 ದಿನ ಸಾಕು. ಆದರೆ ಭಾರತ ಮತ್ತು ಯು.ಎ.ಇ. ನಡುವಿನ ತೆರಿಗೆ ಒಪ್ಪಂದದ ಲಾಭ ಬೇಕೆಂದರೆ ವ್ಯಕ್ತಿ ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿರಬೇಕು. ಅವರ ವರ್ಷ ಜನವರಿಯಿಂದ, ನಮ್ಮದು ಏಪ್ರಿಲ್‌ನಿಂದ. ಎರಡೂ ಲೆಕ್ಕವನ್ನು ಬೇರೆ ಬೇರೆ ಇಡಬೇಕು. ಕಷ್ಟಕ್ಕೆ ತಕ್ಕ ಫಲವೂ ಇದೆ. ಎನ್.ಆರ್.ಒ. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು 30% ಮತ್ತು ಸೆಸ್ ಮುರಿದುಕೊಳ್ಳುತ್ತದೆ. ಈ ಪ್ರಮಾಣಪತ್ರ ಮತ್ತು ಅದರೊಂದಿಗೆ ತುಂಬಬೇಕಾದ ಫಾರ್ಮ್ ಕೊಟ್ಟರೆ ಒಪ್ಪಂದದ ಪ್ರಕಾರ 12.5% ಮಾತ್ರ. ನಾನು 26 ವರ್ಷದಲ್ಲಿ ಒಮ್ಮೆಯೂ ಕೊಡಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಖಾತೆಗಳ ಮಾತು. ಹೊರದೇಶಕ್ಕೆ ದುಡಿಯಲು ಹೋದ ಮೇಲೆ ಊರಿನ ಹಳೆಯ ಎಸ್.ಬಿ. ಖಾತೆ ಹಾಗೆಯೇ ಇರುವಂತಿಲ್ಲ. ಅದನ್ನು ಎನ್.ಆರ್.ಒ. ಮಾಡಿಸಬೇಕು. ಅಲ್ಲಿಂದ ಕಳುಹಿಸುವ ಹಣಕ್ಕೆ ಎನ್.ಆರ್.ಇ. ಖಾತೆ, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ನನ್ನ ಎಸ್.ಬಿ. ಖಾತೆ ಹನ್ನೊಂದು ವರ್ಷ ಹಾಗೆಯೇ ಇತ್ತು. ಮ್ಯಾನೇಜರು ಪರಿಚಯದವರು, "ಇರಲಿ ಬಿಡಿ, ಏನಾಗ್ತದೆ" ಎಂದಿದ್ದರು. ಏನೂ ಆಗಲಿಲ್ಲ ಎಂಬುದು ನಿಜ, ಆದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ದಂಡ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ದಂಡ ಬಿದ್ದರೆ ಕಟ್ಟಬೇಕಾದವನು ನಾನು, ಮ್ಯಾನೇಜರಲ್ಲ.

ಆಚೆಯ ಖಾತೆ ಈಚೆಗೆ ಗೊತ್ತಾಗುವುದಿಲ್ಲ ಎಂಬ ಕಾಲ ಮುಗಿಯಿತು. ನೂರಕ್ಕೂ ಹೆಚ್ಚು ದೇಶಗಳು ಖಾತೆದಾರರ ವಿವರವನ್ನು ವರ್ಷಕ್ಕೊಮ್ಮೆ ತಾವಾಗಿಯೇ ಪರಸ್ಪರ ಕಳುಹಿಸುತ್ತವೆ. ಭಾರತ 2017ರಲ್ಲಿ ಆರಂಭಿಸಿತು, ಯು.ಎ.ಇ. ಮತ್ತು ಸಿಂಗಪುರ 2018ರಲ್ಲಿ. ಗುಟ್ಟಿಗೆ ಹೆಸರಾಗಿದ್ದ ಸ್ವಿಟ್ಜರ್ಲೆಂಡ್ ಕೂಡ 2019ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಮೊದಲ ಕಂತಿನ ಪಟ್ಟಿ ಕಳುಹಿಸಿತು. ಹೆಸರು, ವಿಳಾಸ, ವರ್ಷದ ಕೊನೆಯ ಶಿಲ್ಕು, ಬಂದ ಬಡ್ಡಿ, ಎಲ್ಲ ಅದರಲ್ಲಿರುತ್ತದೆ. ಖಾತೆ ತೆರೆಯುವಾಗ "ನಿಮ್ಮ ತೆರಿಗೆ ನಿವಾಸ ಯಾವುದು" ಎಂದು ಒಂದು ಫಾರ್ಮಿಗೆ ಸಹಿ ಮಾಡಿಸುತ್ತಾರಲ್ಲ, ನಾವು ಓದದೆ ಸಹಿ ಹಾಕುತ್ತೇವಲ್ಲ, ಆ ವಿವರ ಯಾವ ದೇಶಕ್ಕೆ ಹೋಗಬೇಕೆಂಬುದು ಅಲ್ಲೇ ಬರೆದಿರುತ್ತದೆ.

ನನ್ನ ಕಥೆಗೆ ಬರುತ್ತೇನೆ. ಊರಿಗೆ ಮರಳುವಾಗ ಶಾರ್ಜಾದ ಖಾತೆಯನ್ನು ಮುಚ್ಚಲಿಲ್ಲ. ಬರಬೇಕಾದ ಬಾಕಿ ಇನ್ನೂ ಇತ್ತು, ಕೊನೆಗೆ 60,000 ದಿರ್ಹಮ್ ಉಳಿಯಿತು. ವಿಳಾಸ ಮಾತ್ರ ಶಿಸ್ತಾಗಿ ಉಡುಪಿಯದಕ್ಕೆ ಬದಲಿಸಿದೆ. ಮೊದಲೆರಡು ವರ್ಷ ನಾನು ಆ ನಡುವಿನ ವರ್ಗದಲ್ಲಿದ್ದೆ, ವಿದೇಶಿ ಆಸ್ತಿ ತೋರಿಸಬೇಕಾಗಿರಲಿಲ್ಲ. 2018-19ರಿಂದ ಪೂರ್ಣ ನಿವಾಸಿ. ಅಂದಿನಿಂದ ರಿಟರ್ನಿನಲ್ಲಿ ಶೆಡ್ಯೂಲ್ ಎಫ್.ಎ. ಎಂಬ ಕೋಷ್ಟಕ ತುಂಬಬೇಕಿತ್ತು, ಖಾತೆಯಲ್ಲಿ ಒಂದು ದಿರ್ಹಮ್ ಇದ್ದರೂ, ಬಡ್ಡಿಯೇ ಬರದಿದ್ದರೂ. ನಾನು ತುಂಬಲಿಲ್ಲ. 2024ರ ನವೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ಇಂಥವರನ್ನು ಎಚ್ಚರಿಸುವ ಅಭಿಯಾನ ಶುರುಮಾಡಿದಾಗ ನನ್ನ ಮೊಬೈಲಿಗೂ ಸಂದೇಶ ಬಂತು. ಡಿಸೆಂಬರ್ 31ರೊಳಗೆ ಆ ವರ್ಷದ ರಿಟರ್ನ್ ತಿದ್ದಿ ಹಾಕಿದೆ. ಹಿಂದಿನ ವರ್ಷಗಳದ್ದು ಹಾಗೆಯೇ ಉಳಿದಿದೆ.

2015ರ ಕಪ್ಪುಹಣ ಕಾಯ್ದೆಯ ಪ್ರಕಾರ ತೋರಿಸದ ವಿದೇಶಿ ಆಸ್ತಿಯ ಮೇಲೆ 30% ತೆರಿಗೆ, ಅದರ ಮೂರು ಪಟ್ಟು ದಂಡ. ಎರಡೂ ಸೇರಿ ಆಸ್ತಿಯ ಬೆಲೆಯ 120%. ಹಣದ ಮೂಲ ಶುದ್ಧವಿದ್ದರೆ ಆ ಗತಿ ಬರುವುದಿಲ್ಲ, ಆದರೆ ಕೋಷ್ಟಕ ತುಂಬದ ತಪ್ಪಿಗೇ 10 ಲಕ್ಷದ ದಂಡ ಬೇರೆ ಇದೆ. ಆಸ್ತಿ 20 ಲಕ್ಷ ರೂಪಾಯಿಯೊಳಗಿದ್ದು, ಅದು ಮನೆ ಜಮೀನು ಅಲ್ಲದಿದ್ದರೆ ಈ ದಂಡ ಬೇಡ ಎಂದು 2024ರ ಅಕ್ಟೋಬರ್ 1ರಿಂದ ಸಡಿಲಿಸಿದ್ದಾರೆ. ನನ್ನ ದಿರ್ಹಮ್ ಆಗ ಹದಿನಾಲ್ಕು ಲಕ್ಷದ ಹತ್ತಿರ ಇತ್ತು. ಅಂಗಡಿ ಮಾರಿದ ಹಣವೂ ಅದೇ ಖಾತೆಯಲ್ಲಿದ್ದಿದ್ದರೆ ಈ ಹಾಳೆಯನ್ನು ಇಷ್ಟು ನಿರಾಳವಾಗಿ ಬರೆಯುತ್ತಿರಲಿಲ್ಲ.

ನೆನಪಿಡಿ, ಆ ಖಾತೆ ಉಳಿಸಿಕೊಂಡದ್ದು ಅಪರಾಧವಾಗಿರಲಿಲ್ಲ. ಹೊರಗಿದ್ದಾಗ ದುಡಿದು ಮಾಡಿದ ಆಸ್ತಿಯನ್ನು ಮರಳಿದ ಮೇಲೂ ಅಲ್ಲಿಯೇ ಇಟ್ಟುಕೊಳ್ಳಲು ಫೆಮಾ ಕಾಯ್ದೆಯೇ ಹಕ್ಕು ಕೊಟ್ಟಿದೆ. ನನಗೆ ಬಚ್ಚಿಡಲು ಕಾರಣವೇ ಇರಲಿಲ್ಲ. ಒಂದು ಸಾಲು ಬರೆಯಲಿಲ್ಲ, ಅಷ್ಟೆ.

ಸರಕಾರಕ್ಕೂ ಒಂದು ಮಾತು ಹೇಳದಿದ್ದರೆ ಈ ಹಾಳೆ ಏಕಪಕ್ಷೀಯವಾದೀತು. ಆದಾಯ ತೆರಿಗೆಗೆ ನಿವಾಸಿ ಎಂದರೆ ಒಂದು ಅರ್ಥ, ಫೆಮಾಕ್ಕೆ ಇನ್ನೊಂದು. ಮೊದಲನೆಯದು ದಿನ ಎಣಿಸುತ್ತದೆ, ಎರಡನೆಯದು ಉದ್ದೇಶವನ್ನೂ ಕೇಳುತ್ತದೆ. ಒಬ್ಬನೇ ಮನುಷ್ಯ ಒಂದೇ ದಿನ ಒಂದು ಕಾಯ್ದೆಗೆ ನಿವಾಸಿ, ಇನ್ನೊಂದಕ್ಕೆ ಅನಿವಾಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ಗೊಂದಲಕ್ಕೆ ಕೈ ಹಚ್ಚಲಿಲ್ಲ. ಏಳನೆಯ ಕ್ಲಾಸು ಮುಗಿಸಿ ಕಫೆಟೇರಿಯಾದಲ್ಲಿ ಚಹಾ ಮಾಡಲು ಹೋಗಿ, ಇಂದು ಮೂರು ಕಫೆಟೇರಿಯಾಗಳ ಮಾಲೀಕನಾಗಿರುವವನಿಗೆ ಇದನ್ನು ಅವನ ಭಾಷೆಯಲ್ಲಿ ಹೇಳುವ ಹೊಣೆ ಯಾರದ್ದು? ಮಂಗಳೂರಿನಲ್ಲಿ ಇಳಿಯುವವರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಡುವುದು ಇಲಾಖೆಗೆ ಭಾರವಾಗದು. ಅದನ್ನು ಕೇಳೋಣ, ಸಂಘಗಳ ಮೂಲಕ ಒಟ್ಟಾಗಿ ಕೇಳೋಣ. ಕೊಡುವವರೆಗೆ ಕಾಯುತ್ತ ಕೂರುವುದು ಬೇಡ.

ಇವತ್ತು ರಾತ್ರಿ ಪಾಸ್‌ಪೋರ್ಟ್ ತೆಗೆದು ಸೀಲುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ. ಇ-ಗೇಟಿನಲ್ಲಿ ಹೋಗಿಬರುವವರಿಗೆ ಸೀಲೂ ಇರುವುದಿಲ್ಲ, ಅವರು ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್ ಎತ್ತಿಡಲಿ. ಈ ವರ್ಷ ಊರಲ್ಲಿ ಏನಾದರೂ ಮಾರುವ ಯೋಚನೆ ಇದ್ದರೆ ಅಗ್ರಿಮೆಂಟಿಗೆ ಮೊದಲು ಆಡಿಟರನ್ನು ಕಾಣಿ, ನಂತರವಲ್ಲ. ಊರಿಗೆ ಕಾಯಂ ಬರುವವರು ಬರುವ ದಿನವನ್ನೂ ಆಡಿಟರನ್ನು ಕೇಳಿಯೇ ಗೊತ್ತುಮಾಡಲಿ. ಸೆಪ್ಟೆಂಬರಿನಲ್ಲಿ ಬರುವುದಕ್ಕೂ ನವೆಂಬರಿನಲ್ಲಿ ಬರುವುದಕ್ಕೂ ಒಂದು ವರ್ಷದ ವ್ಯತ್ಯಾಸ ಆಗಬಹುದು. ಹೋಟೆಲ್ ಹಾಲಿಗೆ ಕರೆದರೆ ಹೋಗಿ, ಬಿರಿಯಾನಿ ಚೆನ್ನಾಗಿಯೇ ಇರುತ್ತದೆ. ಸಹಿ ಮಾತ್ರ ಅಲ್ಲಿ ಹಾಕಬೇಡಿ.

ಈ ಹಾಳೆಯನ್ನು ಜೆರಾಕ್ಸ್ ಮಾಡಿ ಹಂಚಲು ಯಾರ ಅನುಮತಿಯೂ ಬೇಡ. ಮೊದಲ ಪ್ರತಿಯನ್ನು ಗಲ್ಲಾದಲ್ಲಿ ಕುಳಿತ ಆ ಭಾವಮೈದನಿಗೆ ಕೊಡಿ. ನಾಳೆ ಅವನೂ ಸ್ವಂತ ಅಂಗಡಿ ಇಡುವವನೇ.