ನಮಗೆ ದೋಣಿಯೇ ಸಾಕು

ಮುಂಬೈಯಲ್ಲಿ ದುಡಿಯುವ ನಮ್ಮಂಥ ಕನ್ನಡಿಗರ ರಜೆಯೆಲ್ಲ ಊರಿನ ಮದುವೆ, ಗೃಹಪ್ರವೇಶ, ಜಾತ್ರೆಗಳಿಗೇ ಮುಗಿದುಹೋಗುತ್ತದೆ. ಸುಮ್ಮನೆ ಕೂರಲೆಂದು ರಜೆ ಹಾಕುವ ರೂಢಿ ನಮಗಿಲ್ಲ. ಹಾಕಿದರೂ ಗೋವಾ, ಮಾಲ್ಡೀವ್ಸ್ ಎಂದು ತಿಂಗಳುಗಟ್ಟಲೆ ಪ್ಲಾನ್ ಮಾಡುತ್ತೇವೆ. ಅಷ್ಟು ದೂರ ಹೋಗಬೇಕಿಲ್ಲ.

ಮಲಾಡ್ ಪಶ್ಚಿಮದ ಮಾರ್ವೆಯಲ್ಲಿ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಖಾಡಿಯ ಆಚೆ ದಡದಲ್ಲಿ ಮನೋರಿ. ಮುಂಬೈ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲೇ ಇದ್ದರೂ ಕೋಲಿ ಮೀನುಗಾರರು ಮತ್ತು ಈಸ್ಟ್ ಇಂಡಿಯನ್ ಕ್ರೈಸ್ತರ ಹಳ್ಳಿ ಅದು. ತೆಂಗಿನ ಮರ, ಒಣಗಲು ಹಾಕಿದ ಮೀನು, ಒಂದಷ್ಟು ಸಣ್ಣ ರೆಸಾರ್ಟ್‌ಗಳು. ಸಂಜೆಗೆ ಮರಳಲೆಂದು ಹೋಗಿದ್ದ ನಾನು, ನನ್ನ ಹೆಂಡತಿ ಎರಡು ರಾತ್ರಿ ಉಳಿದೆವು. ನೋಡಲೇಬೇಕಾದ ಜಾಗಗಳ ಪಟ್ಟಿ ಅಲ್ಲಿಲ್ಲ, ಅದೇ ಸುಖ.

ಆ ನೆಮ್ಮದಿಯನ್ನು ಕಾಯುತ್ತಿರುವುದು ಖಾಡಿ. ಕಾರಿನಲ್ಲಿ ಬರುವವರು ಭಾಯಂದರ್ ಕಡೆಯಿಂದ ಬಳಸಿ ಬರಬೇಕು. ಮಾರ್ವೆ–ಮನೋರಿ ಸೇತುವೆಯ ಮಾತು ಬಂದಾಗ ನಮ್ಮ ಆಫೀಸುಗಳಲ್ಲಿ ವೀಕೆಂಡ್ ಲೆಕ್ಕಾಚಾರ ಶುರುವಾಗುತ್ತದೆ. ಕೆಲಸಕ್ಕೆ, ಆಸ್ಪತ್ರೆಗೆ ದಿನವೂ ದಾಟುವ ಊರವರಿಗೆ ಸೇತುವೆ ಬೇಕೇ ಬೇಡವೇ ಎಂಬುದನ್ನು ಅವರೇ ಹೇಳಲಿ. ಎರಡು ದಿನಕ್ಕೆ ಬಂದುಹೋಗುವ ನಮ್ಮ ಹೆಸರಲ್ಲಿ ಮಾತ್ರ ಅದನ್ನು ಕಟ್ಟುವುದು ಬೇಡ. ದೋಣಿಗೆ ಹತ್ತು ನಿಮಿಷ ಕಾಯಲು ನಮಗೇನೂ ತೊಂದರೆಯಿಲ್ಲ.