ಮೊದಲ ಡಬ್ಬಿ ಇಡುವ ಮುನ್ನ

ಬೇಸಿಗೆಯಲ್ಲಿ ಘಟಪ್ರಭೆಯ ನೀರು ಇಳಿದಂತೆ ದಂಡೆಯ ಹರಳುಗಲ್ಲು ಬಯಲಿಗೆ ಬರುತ್ತದೆ. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ; ಇಂಥ ಹರಳಿನ ನಡುವೆಯೇ ಅಂಗೈಯಗಲ ತಗ್ಗು ಕೆದರಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ಆಚೆ ನಿಂತು ದಿಟ್ಟಿಸಿದರೂ ಮೊಟ್ಟೆ ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ಹಕ್ಕಿ ಚೀರುತ್ತ ತಲೆಯ ಮೇಲೆ ಸುತ್ತತೊಡಗಿದಾಗಲೇ ನಾವು ಎಲ್ಲಿ ಕಾಲಿಟ್ಟಿದ್ದೇವೆಂದು ತಿಳಿಯುವುದು.

ಇಂಥ ದಂಡೆಯಲ್ಲಿ ಮೊಬೈಲ್ ಹಿಡಿದು ಕಲ್ಲು ಮಗುಚುತ್ತ ಅಡ್ಡಾಡುವ ಆಟವೊಂದು ಇಂದಲ್ಲ ನಾಳೆ ನಮ್ಮ ಕಡೆಗೂ ಬರುತ್ತದೆ. ಅದರ ಹೆಸರು ಜಿಯೋಕ್ಯಾಶಿಂಗ್. ಅದು ಬೇರೂರುವ ಮೊದಲೇ ಹಿಡಕಲ್‌, ಧೂಪದಾಳ, ಗೋಕಾಕದ ಜನ ಕೂತು ಮಾತಾಡಬೇಕೆಂಬುದು ಈ ಬರಹದ ಒತ್ತಾಯ.

ಆಟ ಸರಳ. ಒಬ್ಬರು ಊಟದ ಡಬ್ಬಿಯಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್, ಒಂದೆರಡು ಆಟಿಕೆ ಹಾಕಿ ಬಂಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಅಡಗಿಸುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ನೋಡಿಕೊಂಡು ಹೋಗಿ ಹುಡುಕಿ, ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. 2000ನೇ ಇಸವಿಯ ಮೇ 2ರಂದು ಅಮೆರಿಕ ಸರ್ಕಾರ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬುವವರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿ ಆಟ ಶುರು ಮಾಡಿದರು. ಇಂದು ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಗುರುತುಗಳಿವೆ. ಮನೆಯಲ್ಲಿ ಪರದೆಗೆ ಅಂಟಿಕೊಂಡ ಮಕ್ಕಳನ್ನು ಗುಡ್ಡ ಹತ್ತಿಸುವ ಆಟ ಇದು. ಆ ಮಟ್ಟಿಗೆ ನನಗೆ ಇದರ ಮೇಲೆ ಮೆಚ್ಚುಗೆಯೇ ಇದೆ.

ಆದರೆ ಜಾಗ ಎಂಥದು ಎಂಬುದು ಮುಖ್ಯ. ಡಬ್ಬಿ ಅಡಗಿಸುವವರ ಕಣ್ಣಿಗೆ ನಮ್ಮ ಹೊಳೆಸಾಲಿನಷ್ಟು ಒಪ್ಪುವ ತಾಣ ಮತ್ತೊಂದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ. ಅದು ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ನೀರು ಸರಿದಾಗ ಕಾಣುವ ಹುನ್ನೂರಿನ ವಿಠ್ಠಲ ದೇವಸ್ಥಾನ. ಕೆಳಗೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು. ಅದರ ಹಿನ್ನೀರು, ನಡುಗಡ್ಡೆಗಳನ್ನು ಸೇರಿಸಿ 1974ರಲ್ಲಿ ಘೋಷಣೆಯಾದ, ಸುಮಾರು 30 ಚದರ ಕಿಲೋಮೀಟರ್‌ನ ಘಟಪ್ರಭಾ ಪಕ್ಷಿಧಾಮ. ಇನ್ನೂ ಕೆಳಗೆ ಗೋಕಾಕ ಜಲಪಾತ, ತೂಗುಸೇತುವೆ, ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೇನ್‌ಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಳಿಯುವುದು ಈ ನೀರಿಗೇ. ಕ್ರೇನ್‌ಗಳು ಹಗಲು ಹೊಲಗಳಲ್ಲಿ ಮೇದು ರಾತ್ರಿ ನೀರಂಚಿನಲ್ಲಿ ತಂಗುತ್ತವೆ. ಜನ ಸುಳಿಯದ ದಂಡೆ ಅವಕ್ಕೆ ಬೇಕೇ ಬೇಕು.

ಮೊಬೈಲಿನ ಜಿಪಿಎಸ್ ಡಬ್ಬಿಯ ಮೇಲೇ ಕೊಂಡೊಯ್ದು ನಿಲ್ಲಿಸುವುದಿಲ್ಲ. ಬಯಲಿನಲ್ಲಿ ಐದು ಮೀಟರ್ ಆಚೀಚೆ, ಮರ ಬಂಡೆಗಳಿದ್ದಲ್ಲಿ ಹತ್ತು ಮೀಟರ್ ಅಥವಾ ಇನ್ನೂ ಹೆಚ್ಚು ತಪ್ಪುತ್ತದೆ. ಹತ್ತು ಮೀಟರ್ ತಪ್ಪಿದರೆ ಹುಡುಕಬೇಕಾದ ಜಾಗ 300 ಚದರ ಮೀಟರ್ ದಾಟುತ್ತದೆ. ಬಂದವರೆಲ್ಲ ಆ ಸುತ್ತಳತೆಯಲ್ಲಿ ಪೊದೆ ಸರಿಸಿ, ಕಲ್ಲೆತ್ತಿ, ಪೊಟರೆಗೆ ಕೈ ಹಾಕಿ ನೋಡುತ್ತಾರೆ. ಒಬ್ಬರು ಹೋದರೆ ಹುಲ್ಲು ಮತ್ತೆ ಏಳುತ್ತದೆ. ಐವತ್ತು ಜನ ಹೋದರೆ ಕಾಲುದಾರಿ ಬೀಳುತ್ತದೆ. ಆ ದಾರಿ ಹಿಡಿದು ಡಬ್ಬಿಯ ಗೊಡವೆಯೇ ಇಲ್ಲದವರೂ ಬರುತ್ತಾರೆ, ನಾಯಿಗಳೂ ಬರುತ್ತವೆ. ಕಲ್ಲಿನಡಿ ಚೇಳು, ಹಾವು ಇರುವ ಸೀಮೆ ಇದು ಎಂಬುದನ್ನು ಊರಿನ ಮಕ್ಕಳಿಗೆ ಹೇಳಬೇಕಿಲ್ಲ. ಹೊರಗಿನಿಂದ ಬರುವವರಿಗೆ ಹೇಳುವವರು ಯಾರು?

ನನ್ನ ನಿದ್ದೆ ಕೆಡಿಸುವುದು ಇದಕ್ಕಿಂತ ನಿಧಿಯ ಮಾತು. ಪಾಳು ಗುಡಿಯ ಕೆಳಗೆ ಹೊನ್ನಿದೆ ಎಂದು ನಂಬಿ ರಾತ್ರೋರಾತ್ರಿ ಲಿಂಗ ಕಿತ್ತು, ನಂದಿ ಒಡೆದು, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಹೊಳೆಯ ನಡುಗಡ್ಡೆಯಲ್ಲಿರುವ, ನಿತ್ಯ ಭಕ್ತರು ಹೋಗುವ ಸ್ಥಳಕ್ಕೇ ಆ ಗತಿ. ಇನ್ನು ಹೊಲದ ಬದುವಿನ ಒಂಟಿ ಗುಡಿ, ವೀರಗಲ್ಲುಗಳನ್ನು ಕಾಯುವವರು ಯಾರು? ಅಂಥ ಗುಡಿಯ ಹಿಂದೆ ಅಪರಿಚಿತರು ಒಬ್ಬರಾದ ಮೇಲೊಬ್ಬರು ಬಂದು ಏನನ್ನೋ ಹುಡುಕಿ ಹೋಗುತ್ತಾರೆಂಬ ಸುದ್ದಿ ಹಬ್ಬಿದರೆ ಸಾಕು, ಮುಂದಿನ ಅಮಾವಾಸ್ಯೆಗೆ ಗುದ್ದಲಿ ಬರುತ್ತದೆ. ಡಬ್ಬಿಯನ್ನು ಹೂಳಬಾರದೆಂದು ಆಟದ ನಿಯಮವೇ ಹೇಳುತ್ತದೆ. ಗುದ್ದಲಿ ಹಿಡಿದವನು ಆ ನಿಯಮ ಓದಿರುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಬೇರೆಯವರ ಕಣ್ಣಿಗೆ ಬೀಳದಂತೆ ಹುಡುಕುವುದೇ ಈ ಆಟದ ರೂಢಿ. ಹಳ್ಳಿಯ ಜನರಿಗೆ ಆ ಕದ್ದುಮುಚ್ಚಿ ಓಡಾಟ ಹೇಗೆ ಕಂಡೀತು? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಆಟಕ್ಕೆ ಬಂದ ಕಾಲೇಜು ಹುಡುಗರಿಗೆ ನಮ್ಮ ಊರಿನಲ್ಲಿ ಅಂಥದ್ದು ಆಗಬಾರದು.

ಅಣೆಕಟ್ಟಿನ ಮಾತು ಬೇರೆಯೇ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂಥದೇ ಡಬ್ಬಿಯನ್ನು ಬಾಂಬ್ ಎಂದು ಶಂಕಿಸಿ ಸ್ಫೋಟಿಸಿ ಹಾಕಬೇಕಾಯಿತು. ಹಿಡಕಲ್‌ನಂಥ ಕಾವಲಿನ ಜಾಗದ ಹತ್ತಿರ ವಾರಸುದಾರರಿಲ್ಲದ ಡಬ್ಬಿ ಸಿಕ್ಕರೆ ಗತಿಯೇನು? ಗೇಟು ತೆರೆದಾಗ ಹೊಳೆಯಂಚಿನಲ್ಲಿ ಮೊಬೈಲ್ ನೋಡುತ್ತ ನಿಂತವರ ಪಾಡೇನು? 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದೊಳಗೇ ನುಗ್ಗಿದ ನೀರನ್ನು ಕಂಡವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಕಾನೂನು ಈಗಾಗಲೇ ಸಾಕಷ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಹೊರಗಿನವರು ಅನುಮತಿ ಇಲ್ಲದೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. 29ನೇ ಕಲಂ ಆವಾಸ ಕೆಡಿಸುವುದನ್ನು ತಡೆಯುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಆಡಳಿತದ ಒಪ್ಪಿಗೆ ಇಲ್ಲದೆ ಡಬ್ಬಿ ಇಡುವಂತಿಲ್ಲ. ನಮ್ಮಲ್ಲಿ ಕೊರತೆ ಇರುವುದು ಕಾಯ್ದೆಗಲ್ಲ, ಮೊದಲೇ ಸ್ಪಷ್ಟವಾಗಿ ಹೇಳುವ ಬಾಯಿಗೆ. ಪಕ್ಷಿಧಾಮದೊಳಗೆ, ಅಣೆಕಟ್ಟಿನ ಆವರಣದಲ್ಲಿ, ಹಳೆಯ ಗುಡಿಗಳ ಸುತ್ತ ಡಬ್ಬಿ ಕೂಡದು ಎಂದು ಅರಣ್ಯ ಇಲಾಖೆ, ನೀರಾವರಿ ನಿಗಮ, ಗ್ರಾಮ ಪಂಚಾಯಿತಿಗಳು ಒಟ್ಟಾಗಿ ಕನ್ನಡದಲ್ಲಿ ಫಲಕ ಹಾಕಬೇಕು. ಆ್ಯಪ್ ನಡೆಸುವವರಿಗೂ ಇದನ್ನು ಬರೆದು ತಿಳಿಸಬೇಕು. ಜಾಗದ ಒಡೆಯರ ಒಪ್ಪಿಗೆ ಬೇಕೆಂದು ಅವರ ನಿಯಮವೇ ಹೇಳುವುದರಿಂದ ಈ ಪತ್ರಕ್ಕೆ ಬೆಲೆ ಇರುತ್ತದೆ.

ಹುಡುಗರಿಗೆ ಬರೀ ಬೇಡ ಎಂದರೆ ಆಗದು. ಈ ಆಟದಲ್ಲೇ ಡಬ್ಬಿ ಇಲ್ಲದ ಒಂದು ಬಗೆಯಿದೆ, ಹೆಸರು ಅರ್ಥ್‌ಕ್ಯಾಶ್. ಹೇಳಿದ ಜಾಗಕ್ಕೆ ಹೋಗಿ, ನೆಲ ಬಂಡೆಗಳನ್ನು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದರೆ ಮುಗಿಯಿತು. ಗೋಕಾಕ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುವುದು ಕಲಾದಗಿ ಶಿಲಾಶ್ರೇಣಿಯ ಮರಳುಗಲ್ಲಿನ ಮೇಲಿಂದ. ಗೋಕಾಕದ ಹತ್ತಿರವೇ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ವಿವರಿಸಿ, ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟರು. ಇದೇ ಕಣಿವೆಯ ಹರಳಿನಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಬಿದ್ದಲ್ಲೇ ಬಿದ್ದಿದ್ದರೆ ಮಾತ್ರ ಅವು ಸಂಶೋಧಕರಿಗೆ ಏನಾದರೂ ಹೇಳಬಲ್ಲವು. ಎತ್ತಿ ಎಸೆದ ಮೇಲೆ ಬರೀ ಕಲ್ಲು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೈಸ್ಕೂಲು ಮಾಸ್ತರರು ಜಲಪಾತದ ಸುರಕ್ಷಿತ ಕಟ್ಟೆಯ ಬಳಿ, ಇರುವ ರಸ್ತೆಯಂಚಿನಲ್ಲೇ ಇಂಥ ನಾಲ್ಕು ಗುರುತುಗಳನ್ನು ಮಾಡಿಕೊಟ್ಟರೆ ಮಕ್ಕಳು ಒಂದು ಕಲ್ಲನ್ನೂ ಕದಲಿಸದೆ ಊರಿನ ಕೋಟ್ಯಂತರ ವರ್ಷಗಳ ಕಥೆ ಓದಬಹುದು.

ನವೆಂಬರ್‌ಗೆ ವಲಸೆ ಹಕ್ಕಿಗಳು ಬರತೊಡಗುತ್ತವೆ. ಫಲಕವೂ ಪತ್ರವೂ ಅದಕ್ಕೆ ಮೊದಲು ಆಗಬೇಕು. ಅಲ್ಲಿಯವರೆಗೆ ದಂಡೆಯಲ್ಲೋ ಗುಡಿಯ ಸಂದಿಯಲ್ಲೋ ಅಡಗಿಸಿಟ್ಟ ಡಬ್ಬಿ ಕಂಡರೆ ತೆರೆಯಬೇಡಿ, ಒಡೆಯಬೇಡಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಅರಣ್ಯ ಸಿಬ್ಬಂದಿಗೆ ತಿಳಿಸಿ. ಅಣೆಕಟ್ಟಿನ ಬಳಿಯಾದರೆ 112ಕ್ಕೆ ಫೋನ್ ಮಾಡಿ.